ದೀಪದ ಬತ್ತಿಗೆ ಯಾವ ಹತ್ತಿ, ಯಾವ ನಾರು?

ಹಣತೆಯಲ್ಲಿ ಎಣ್ಣೆ ಅರ್ಧ ಉಳಿದಿದ್ದರೂ ಕುಡಿ ಕಪ್ಪಾಗಿ ದೀಪ ಆರಿಹೋಗುತ್ತದೆ. ಆಗ ಬೈಗುಳ ತಿನ್ನುವುದು ಎಣ್ಣೆ. ಅದರಲ್ಲಿ ಕಲಬೆರಕೆ ಇರಬಹುದು, ಆದರೆ ಮೊದಲು ನೋಡಬೇಕಾದ್ದು ಬತ್ತಿಯನ್ನು. ಬತ್ತಿಯ ಕೆಲಸ ಒಂದೇ: ಸದಾ ಒದ್ದೆಯಾಗಿರುವುದು. ಉರಿ ಕೇಳಿದಷ್ಟು ಎಣ್ಣೆ ಮೇಲೇರುತ್ತಿದ್ದರೆ, ಆ ಎಣ್ಣೆ ಆವಿಯಾಗುತ್ತಾ ಬತ್ತಿಯನ್ನು ತಂಪಾಗಿಡುತ್ತದೆ. ಬತ್ತಿ ತುದಿಯಲ್ಲಿ ಮಾತ್ರ ನಿಧಾನಕ್ಕೆ ಕರಕಲಾಗುತ್ತದೆ. ಏರಿಕೆ ತಗ್ಗಿದ ಕೂಡಲೇ ಉರಿ ಹತ್ತಿಯನ್ನೇ ತಿನ್ನಲು ಶುರುಮಾಡುತ್ತದೆ.

ಎಣ್ಣೆ ಏರುವುದು ಎಳೆಗಳ ನಡುವಿನ ಸಂದುಗಳಲ್ಲಿ. ಸಂದು ಕಿರಿದಾದಷ್ಟೂ ಎಣ್ಣೆ ಹೆಚ್ಚು ಎತ್ತರಕ್ಕೆ ಹೋಗಬಲ್ಲದು, ಆದರೆ ನಿಧಾನ. ಸಂದು ಅಗಲವಾದರೆ ಬೇಗ ಏರುತ್ತದೆ, ಹೆಚ್ಚು ಎತ್ತರಕ್ಕೆ ಹೋಗದು. ಹಣತೆಯಲ್ಲಿ ಏರಬೇಕಾದ ಎತ್ತರ ಒಂದೆರಡು ಸೆಂಟಿಮೀಟರ್ ಅಷ್ಟೇ. ಹಾಗಾಗಿ ಬಿಗಿಯಾಗಿ ಹೊಸೆದ, ಹುರಿಯಂಥ ಬತ್ತಿಗಿಂತ ಸಡಿಲವಾಗಿ ಹೊಸೆದದ್ದು ಒಳ್ಳೆಯದು. ‘ಗಟ್ಟಿ ಬತ್ತಿ ಹೆಚ್ಚು ಹೊತ್ತು ಬರುತ್ತದೆ’ ಎಂಬ ನಂಬಿಕೆ ಸೀಮೆಎಣ್ಣೆ ಲಾಟೀನಿನ ಕಾಲದ್ದು ಇರಬೇಕು.

ಲಾಟೀನಿನ ಮಾತು ಬಂದದ್ದಕ್ಕೆ: ಹಳೆಯ ಲಾಟೀನಿಗೆ ಎಳ್ಳೆಣ್ಣೆ ಸುರಿದು ಹಚ್ಚಬೇಡಿ. ಸೀಮೆಎಣ್ಣೆ ನೀರಿನಷ್ಟು ತೆಳು, ಆ ಪಟ್ಟಿಬತ್ತಿಯಲ್ಲಿ ಗೇಣೆತ್ತರಕ್ಕೂ ಏರುತ್ತದೆ. ಅಡುಗೆ ಎಣ್ಣೆ ಅದಕ್ಕಿಂತ ಹತ್ತಾರು ಪಟ್ಟು ಮಂದ. ಅದು ಅರ್ಧ ದಾರಿಯಲ್ಲೇ ಸುಸ್ತಾಗಿ ಬತ್ತಿ ಸುಟ್ಟುಹೋಗುತ್ತದೆ.

ಇದೇ ತಾಪತ್ರಯ ಇ-ಸಿಗರೇಟಿನ ಕಾಯಿಲ್‌ನಲ್ಲೂ, ಅಂದರೆ ಹತ್ತಿ ಹೀರಿದ ದ್ರವವನ್ನು ಕಾಯಿಸಿ ಆವಿ ಮಾಡುವ ತಂತಿಸುರುಳಿಯಲ್ಲೂ, ಇದೆ. ಅವು ಕರ್ನಾಟಕದಲ್ಲಿ 2016ರಿಂದ, ದೇಶಕ್ಕೆಲ್ಲ 2019ರಿಂದ ನಿಷೇಧದಲ್ಲಿವೆ, ಹಾಗಾಗಿ ಆ ರಿಪೇರಿ ಇಲ್ಲಿನ ವಿಷಯವಲ್ಲ. ಹೋಲಿಕೆ ಮಾತ್ರ ಸ್ವಾರಸ್ಯದ್ದು. ಅದರೊಳಗಿನ ದ್ರವ ಗ್ಲಿಸರಿನ್ ಜಾತಿಯದು, ನೀರಿನೊಡನೆ ಬೆರೆಯುವಂಥದ್ದು. ಹತ್ತಿಯ ಎಳೆಯ ಮೇಲಿರುವ ಸಹಜ ಮೇಣ ಅದಕ್ಕೆ ಅಡ್ಡಿ. ಆದ್ದರಿಂದ ಕುದಿಸಿ ಮೇಣ ತೆಗೆದ ಹತ್ತಿ ಬೇಕಾಗುತ್ತದೆ. ದೀಪದ ಎಣ್ಣೆಗೆ ಆ ಮೇಣದಿಂದ ತೊಂದರೆಯೇ ಇಲ್ಲ, ಎಣ್ಣೆಗೂ ಮೇಣಕ್ಕೂ ಒಳ್ಳೆಯ ನೆಂಟಸ್ತಿಕೆ. ಅಲ್ಲಿ ಬೇಡವಾದ ಹಸಿ ಅರಳೆಯೇ ಇಲ್ಲಿ ಮೊದಲ ಆಯ್ಕೆ.

ಔಷಧಿ ಅಂಗಡಿಯ ಹತ್ತಿ ಸುರುಳಿ ಕೈಗೆ ಸುಲಭವಾಗಿ ಸಿಗುತ್ತದೆ ಅಂತ ಹಲವರು ಅದನ್ನೇ ಹೊಸೆಯುತ್ತಾರೆ. ಉರಿಯುತ್ತದೆ, ಇಲ್ಲವೆನ್ನಲಾಗದು. ಆದರೆ ಅದರ ಎಳೆ ಗಿಡ್ಡ, ಹೊಸೆದರೆ ನಡುವೆ ಕಿತ್ತು ಬರುತ್ತದೆ. ಇನ್ನೊಂದು ಕಾಟವೂ ಇದೆ. ಗಾಜಿನ ಲೋಟದಲ್ಲಿ ಕೆಳಗೆ ನೀರು, ಮೇಲೆ ಎಣ್ಣೆ ಹಾಕಿ ತೇಲುದೀಪ ಇಡುವವರ ಬತ್ತಿಯ ಬಾಲ ನೀರಿಗೆ ತಾಕಿದರೆ, ಮೇಣವಿಲ್ಲದ ಈ ಹತ್ತಿ ನೀರನ್ನು ಆತುರದಿಂದ ಹೀರುತ್ತದೆ. ದೀಪ ಚಟಪಟ ಅಂದು ಆರುತ್ತದೆ. ಬಾಲವನ್ನು ಎಣ್ಣೆಯ ಪದರದೊಳಗೇ ಮುಗಿಯುವಂತೆ ಕತ್ತರಿಸಿ.

ಹಾಸಿಗೆ ಅಂಗಡಿಯ ಅರಳೆ ಅಗ್ಗ, ಆದರೆ ಅದರಲ್ಲಿ ಪಾಲಿಯೆಸ್ಟರ್ ಬೆರೆತಿರುವ ಸಾಧ್ಯತೆ ಇದೆ. ಚಿಕ್ಕಪೇಟೆ, ಗಾಂಧಿ ಬಜಾರ್, ಮಲ್ಲೇಶ್ವರದ ಗ್ರಂಥಿಗೆ ಅಂಗಡಿಗಳಲ್ಲಿ ಸಿಗುವ ಸಿದ್ಧ ಬತ್ತಿಯನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಒಂದು ಬತ್ತಿಯನ್ನು ಇಕ್ಕಳದಲ್ಲಿ ಹಿಡಿದು, ಎಣ್ಣೆ ಇಲ್ಲದೆ, ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಬೂದಿ ಉಳಿದರೆ ಹತ್ತಿ. ಪಾಲಿಯೆಸ್ಟರ್ 260 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿ, ತಣ್ಣಗಾದ ಮೇಲೆ ಗಟ್ಟಿ ಮಣಿಯಾಗುತ್ತದೆ. ದೀಪದಲ್ಲಿ ಅದೇ ಮಣಿ ಸಂದುಗಳನ್ನು ಮುಚ್ಚಿ ಎಣ್ಣೆಯ ದಾರಿ ಕಟ್ಟುತ್ತದೆ. ಅಂಥ ಬತ್ತಿಯ ಕಟ್ಟನ್ನು ಅಂಗಡಿಗೇ ವಾಪಸ್ ಕೊಡಿ.

ಎರಡು ಬಗೆಯ ಬತ್ತಿಯಲ್ಲಿ ಯಾವುದು ಉತ್ತಮ ಅನ್ನುವುದಕ್ಕೂ ಸುಲಭದ ಪರೀಕ್ಷೆ ಇದೆ. ಒಂದೇ ಉದ್ದ, ಒಂದೇ ದಪ್ಪದ ಎರಡನ್ನೂ ಕಡ್ಡಿಗೆ ಕಟ್ಟಿ, ಕೆಳತುದಿ ಒಂದು ಸೆಂಟಿಮೀಟರ್ ಎಣ್ಣೆಯಲ್ಲಿ ಮುಳುಗುವಂತೆ ತೂಗುಬಿಡಿ. ಹತ್ತು ನಿಮಿಷ ಬಿಟ್ಟು ಒದ್ದೆ ಯಾವುದರಲ್ಲಿ ಎಲ್ಲಿಯವರೆಗೆ ಏರಿದೆ ನೋಡಿ. ನೀವು ದಿನಾ ಬಳಸುವ ಎಣ್ಣೆಯಲ್ಲೇ ಮಾಡಬೇಕು, ಏಕೆಂದರೆ ಉತ್ತರ ಎಣ್ಣೆಯಿಂದ ಎಣ್ಣೆಗೆ ಬದಲಾಗುತ್ತದೆ.

ಅದರಲ್ಲೂ ಹರಳೆಣ್ಣೆ. ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆಗಳಿಗಿಂತ ಅದು ಸುಮಾರು ಹತ್ತು ಪಟ್ಟು ಮಂದ. ನಿಧಾನಕ್ಕೆ ಏರುವುದರಿಂದ ನಿಧಾನಕ್ಕೆ ಖರ್ಚಾಗುತ್ತದೆ, ನಂದಾದೀಪಕ್ಕೆ ಹೇಳಿಮಾಡಿಸಿದ್ದು. ಆದರೆ ಒಂದೆಳೆಯ ಸಣ್ಣ ಬತ್ತಿಗೆ ಬರೀ ಹರಳೆಣ್ಣೆ ಹಾಕಿದರೆ ಕುಡಿ ಕಡಲೆಕಾಳಿನಷ್ಟಕ್ಕೆ ಇಳಿದು ಆರುತ್ತದೆ. ಎರಡು ಮೂರು ಎಳೆ ಸೇರಿಸಿ ಸಡಿಲವಾಗಿ ಹೊಸೆದು, ಎಣ್ಣೆಯನ್ನು ಹಣತೆಯ ಅಂಚಿನ ಹತ್ತಿರದವರೆಗೂ ತುಂಬಿಡಿ. ಎಣ್ಣೆ ಕೆಳಗಿಳಿದಷ್ಟೂ ಏರಬೇಕಾದ ಎತ್ತರ ಹೆಚ್ಚುತ್ತದೆ, ಮೊದಲು ಸೋಲುವುದು ಮಂದ ಎಣ್ಣೆಯೇ. ಅರ್ಧಕ್ಕರ್ಧ ಎಳ್ಳೆಣ್ಣೆ ಬೆರೆಸಿದರೆ ಸಾಮಾನ್ಯ ಬತ್ತಿಯೇ ಸಾಕು.

ಕೊಬ್ಬರಿ ಎಣ್ಣೆಯ ಕಥೆ ಬೇರೆ. ಅದು 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಬೆಳಗಿನ ಜಾವ 15–16 ಡಿಗ್ರಿಗೆ ಇಳಿಯುವುದು ಮಾಮೂಲು. ಧನುರ್ಮಾಸದ ಪೂಜೆಗೆ ಐದು ಗಂಟೆಗೆ ಹಚ್ಚಿದ ದೀಪ ಎರಡೇ ನಿಮಿಷಕ್ಕೆ ಆರುವುದು ಇದಕ್ಕೇ. ಬತ್ತಿಯಲ್ಲಿ ನೆನೆದಿದ್ದಷ್ಟು ಉರಿದು ಮುಗಿಯುತ್ತದೆ, ಕೆಳಗಿನದು ಮೇಣದಂತೆ ಕೂತಿರುತ್ತದೆ. ಆ ಎರಡು ತಿಂಗಳು ಎಳ್ಳೆಣ್ಣೆಗೆ ಬದಲಾಗುವುದು ಸರಳ. ತುಪ್ಪದ ದೀಪಕ್ಕಾದರೆ ಹೂಬತ್ತಿಯನ್ನು ಕರಗಿದ ತುಪ್ಪದಲ್ಲಿ ಪೂರ್ತಿ ಅದ್ದಿ, ಗಟ್ಟಿಯಾಗಲು ಬಿಟ್ಟು, ಪುಟ್ಟ ಹಿತ್ತಾಳೆ ದೀಪದಲ್ಲಿಡಿ. ಹಿತ್ತಾಳೆ ಉರಿಯ ಬಿಸಿಯನ್ನು ತಳಕ್ಕೆ ಸಾಗಿಸಿ ತುಪ್ಪ ಕರಗಿಸುತ್ತದೆ. ಮಣ್ಣಿನ ಹಣತೆಗೆ ಆ ಗುಣ ಕಡಿಮೆ.

ಹತ್ತಿ ಬಿಟ್ಟು ಬೇರೆ ನಾರುಗಳಲ್ಲಿ ಎಕ್ಕದ ಅರಳೆಗೆ ನನ್ನ ಓಟು. ಕಾಯಿ ಒಡೆದಾಗ ಹಾರುವ ಆ ರೇಷ್ಮೆಯಂಥ ಎಳೆಗಳು ಒಳಗೆ ಟೊಳ್ಳು, ಹೊರಗೆ ಮೇಣದ ಲೇಪ, ಎಣ್ಣೆ ಹೀರುವುದರಲ್ಲಿ ಗಟ್ಟಿಗ. ಕೊರತೆ ಎಂದರೆ ನುಣುಪು. ಒಂದಕ್ಕೊಂದು ಕಚ್ಚಿಕೊಳ್ಳದೆ ಬರೀ ಎಕ್ಕದ ಬತ್ತಿ ಬಿಚ್ಚಿಕೊಳ್ಳುತ್ತದೆ. ಮೂರು ಪಾಲು ಹತ್ತಿಗೆ ಒಂದು ಪಾಲು ಬೆರೆಸಿ ಹಿಂಜಿ ಹೊಸೆಯಿರಿ. ಒಣಗಿ ಬಿರಿದ ಕಾಯಿಯನ್ನೇ ತನ್ನಿ. ಹಸಿ ಗಿಡದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಮಕ್ಕಳ ಕೈಗೆ ಈ ಕೆಲಸ ಬೇಡ. ಬಾಳೆನಾರಿನದು ನೆಟ್ಟಗೆ ನಿಲ್ಲುತ್ತದೆ, ಹೀರುವುದು ಕಡಿಮೆ. ಹತ್ತಿಯ ನಡುವೆ ಒಂದೆಳೆ ಬೆನ್ನೆಲುಬಾಗಿ ಇಟ್ಟರೆ ಚೆನ್ನ. ‘ತಾವರೆ ದಂಟಿನ ಬತ್ತಿ’ ಎಂಬ ಚೀಟಿ ಕಂಡರೆ ಮೊದಲು ಸುಡುವ ಪರೀಕ್ಷೆ, ಆಮೇಲೆ ಭಕ್ತಿ. ಗಾಜಿನ ನಾರಿನ ಬತ್ತಿ ಕರಕಲಾಗುವುದಿಲ್ಲ ನಿಜ, ಆದರೆ ಮಂದ ಎಣ್ಣೆಯ ಕಿಟ್ಟ ಕಟ್ಟಿಕೊಂಡು ಮುಚ್ಚಿಹೋಗುತ್ತದೆ. ಅದು ತೆಳು ಎಣ್ಣೆಗೇ ಸರಿ.

ಹೊಸೆಯುವಾಗ ಜಾರದಿರಲೆಂದು ಬೆರಳಿಗೆ ವಿಭೂತಿ ಅಥವಾ ಹಾಲು ಹಚ್ಚಿಕೊಳ್ಳುವುದುಂಟು. ವಿಭೂತಿ ಚಿಟಿಕೆಯಲ್ಲಿ ಚಿಟಿಕೆ ಇದ್ದರೆ ತುದಿ ನೆಟ್ಟಗೆ ನಿಲ್ಲುತ್ತದೆ, ಹೆಚ್ಚಾದರೆ ಸಂದು ಮುಚ್ಚುತ್ತದೆ. ಹಾಲು ಬೇಡವೆಂದೇ ನನ್ನ ಮಾತು. ಅದರ ಕೆನೆ, ಸಕ್ಕರೆ ಎಲ್ಲ ಕುಡಿಯಲ್ಲಿ ಕರಿಯಾಗಿ ಗಂಟು ಕಟ್ಟುತ್ತವೆ. ಅರಿಸಿನ ಹಚ್ಚಿದ ಬತ್ತಿಗೂ ಇದೇ ದೋಷ.

ಮಳೆಗಾಲದಲ್ಲಿ ದೀಪ ಸಿಡಿಯುತ್ತಿದ್ದರೆ ಕಾರಣ ತೇವ. ಹತ್ತಿ ಗಾಳಿಯಿಂದಲೇ ತನ್ನ ತೂಕದ ಹನ್ನೆರಡನೇ ಒಂದು ಪಾಲಿನಷ್ಟು ನೀರು ಎಳೆದುಕೊಳ್ಳಬಲ್ಲದು. ಬಿಸಿಲು ಕಂಡ ದಿನ ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಕಾರ್ತಿಕಕ್ಕೆ ತಂದ ಹೊಸ ಹಣತೆಗಳನ್ನು ಎಣ್ಣೆ ಕುಡಿಯದಿರಲೆಂದು ನೀರಲ್ಲಿ ನೆನೆಸಿದ್ದರೆ, ಮೇಲ್ಮೈ ಪೂರ್ತಿ ಆರಿದ ಮೇಲೆಯೇ ಎಣ್ಣೆ ಹಾಕಿ.

ಹಚ್ಚುವ ಮುಂಚೆ ಬತ್ತಿಯನ್ನು ತುದಿಯವರೆಗೂ ಎಣ್ಣೆಯಲ್ಲಿ ಅದ್ದಿ ತೆಗೆಯಿರಿ, ಹೊರಗೆ 3ರಿಂದ 5 ಮಿಲಿಮೀಟರ್ ಮಾತ್ರ ಬಿಡಿ. ಅದಕ್ಕಿಂತ ಉದ್ದ ಬಿಟ್ಟರೆ ಉರಿ ದೊಡ್ಡದಾಗಿ ದೇವರಮನೆಯ ಗೋಡೆಗೆ ಮಸಿ. ಕರಿ ಗಂಟು ಕಟ್ಟಿದ್ದರೆ ದೀಪ ಆರಿಸಿ, ತಣಿದ ಮೇಲೆ ಅಷ್ಟನ್ನು ಚಿವುಟಿ ಬತ್ತಿಯನ್ನು ಮುಂದಕ್ಕೆ ದೂಡಿ. ತಳದಲ್ಲಿ ಅಂಟು ಕಿಟ್ಟ ಸೇರಿದ ಹಳೆ ಎಣ್ಣೆಗೆ ಹೊಸ ಬತ್ತಿ ಹಾಕಿ ಪ್ರಯೋಜನವಿಲ್ಲ. ದೀಪ ತೊಳೆದು ಒರೆಸಿ, ಎರಡನ್ನೂ ಒಟ್ಟಿಗೇ ಬದಲಿಸಿ.