ಕಫ್, ಕ್ಯಾಲಿಪರ್ ಮತ್ತು ಕೇಳುವ ರೀತಿ

ಆರೋಗ್ಯ ಮತ್ತು ಮಾನವ ವಿಜ್ಞಾನಗಳ ಕಾಲೇಜು ಎಂದರೆ ಹೊರಗಿನವರು ಅರೆಗಳಿಗೆ ಸುಮ್ಮನಾಗುತ್ತಾರೆ. ಪೋಷಣೆ, ವ್ಯಾಯಾಮ, ಮಕ್ಕಳ ಬೆಳವಣಿಗೆ, ಕುಟುಂಬ ಅಧ್ಯಯನ ಎಲ್ಲ ಒಂದೇ ಸೂರಿನಡಿ ಯಾಕೆ? ಬಹಳಷ್ಟಕ್ಕೆ ಬೇರು ಗೃಹವಿಜ್ಞಾನದಲ್ಲಿದೆ. ಆ ವಿಷಯಕ್ಕೆಂದೇ ಅಮೆರಿಕದಲ್ಲಿ ನಡೆದ 1899ರ ಲೇಕ್ ಪ್ಲಾಸಿಡ್ ಸಮ್ಮೇಳನ, ಅದರ ಮುಂಚೂಣಿಯಲ್ಲಿದ್ದ ರಸಾಯನಶಾಸ್ತ್ರಜ್ಞೆ ಎಲೆನ್ ಸ್ವಾಲೋ ರಿಚರ್ಡ್ಸ್, ಇವೆಲ್ಲ ಥಿಯರಿ ಪೇಪರಿಗೆ ಓದಿದ್ದು. ಕೈಗೆ ಹತ್ತಿದ್ದು ಮಾತ್ರ ಪ್ರಾಕ್ಟಿಕಲ್.

ಬಿ.ಪಿ. ನೋಡುವುದನ್ನೇ ತೆಗೆದುಕೊಳ್ಳಿ. ಕುರ್ಚಿಗೆ ಬೆನ್ನು ಆನಿಸಿ, ಪಾದ ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕೂರಿಸಬೇಕು. ತೋಳು ಎದೆಯ ಮಟ್ಟದಲ್ಲಿ ಆಸರೆಯ ಮೇಲಿರಬೇಕು. ಕೆಳಗೆ ಜೋತುಬಿದ್ದರೆ ರೀಡಿಂಗ್ ಏರುತ್ತದೆ. ಕಫ್‌ನೊಳಗಿನ, ಅಂದರೆ ತೋಳಿಗೆ ಸುತ್ತುವ ಪಟ್ಟಿಯೊಳಗಿನ, ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟನ್ನಾದರೂ ಸುತ್ತಬೇಕು. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ಧಮನಿಯನ್ನು ಒತ್ತಲು ಹೆಚ್ಚು ಗಾಳಿ ಬೇಕಾಗಿ, ಇಲ್ಲದ ಬಿ.ಪಿ. ಹುಟ್ಟಿಕೊಳ್ಳುತ್ತದೆ. ಮೊದಲು ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿಸಿ, ನಾಡಿ ನಿಂತ ಅಂಕಿಗಿಂತ 30 ಮಿ.ಮೀ. (ಪಾದರಸದ ಅಳತೆ) ಮೇಲೆ ಹೋಗಬೇಕು. ಈ ಹೆಜ್ಜೆ ಬಿಟ್ಟವರು, ಕೆಲವರಲ್ಲಿ ಸ್ಟೆತಾಸ್ಕೋಪ್‌ನಲ್ಲಿ ಕೇಳುವ ಬಡಿತದ ಸದ್ದು ನಡುವೆ ಮಾಯವಾಗಿ ಮತ್ತೆ ಬರುವುದನ್ನು ಗಮನಿಸದೆ, ಸಿಸ್ಟಾಲಿಕ್ ಅನ್ನು, ಅಂದರೆ ಬಿ.ಪಿ.ಯ ಮೇಲಿನ ಅಂಕಿಯನ್ನು, ತೀರಾ ಕಡಿಮೆ ಬರೆಯುತ್ತಾರೆ. ಒತ್ತಡ ಇಳಿಸುವಾಗ ಸೆಕೆಂಡಿಗೆ 2ರಿಂದ 3 ಮಿ.ಮೀ. ಸಾಕು. ನಾಡಿ ನಿಮಿಷಕ್ಕೆ 60 ಇದ್ದವರಲ್ಲಿ ಸೆಕೆಂಡಿಗೆ 10 ಇಳಿಸಿದರೆ ಎರಡು ಬಡಿತಗಳ ನಡುವೆ 10 ಮಿ.ಮೀ. ಜಾರಿಹೋಗಿರುತ್ತದೆ. ವಾಲ್ವ್ ತಿರುಗಿಸುವ ಹದ ಬೆರಳಿಗೆ ಬರಬೇಕು, ಓದಿ ಬರುವಂಥದ್ದಲ್ಲ.

ಸ್ಕಿನ್‌ಫೋಲ್ಡ್‌ಗೆ, ಅಂದರೆ ಚರ್ಮದಡಿಯ ಕೊಬ್ಬು ತಿಳಿಯಲು ಚರ್ಮದ ಮಡಿಕೆ ಅಳೆಯುವುದಕ್ಕೆ, ತೋಳಿನ ಹಿಂಬದಿಯಲ್ಲಿ ಭುಜದೆಲುಬಿನ ತುದಿ ಮತ್ತು ಮೊಣಕೈಗಳ ನಡುಮಧ್ಯೆ ಗುರುತು ಹಾಕಿ, ಅದಕ್ಕಿಂತ 1 ಸೆಂ.ಮೀ. ಮೇಲೆ ಚರ್ಮ ಮಡಚಿ ಹಿಡಿದು, ಗುರುತಿನಲ್ಲಿ ಕ್ಯಾಲಿಪರ್ (ದಪ್ಪ ಅಳೆಯುವ ಇಕ್ಕಳದಂಥ ಉಪಕರಣ) ಇಟ್ಟು ಎರಡು ಸೆಕೆಂಡಿನಲ್ಲಿ ಓದಬೇಕು. ತಡಮಾಡಿದರೆ ಕೊಬ್ಬು ಒತ್ತಿಕೊಂಡು ಅಂಕಿ ಇಳಿಯುತ್ತಾ ಹೋಗುತ್ತದೆ.

ಎಲ್ಲಕ್ಕಿಂತ ಕಷ್ಟದ್ದು, ನನ್ನ ಲೆಕ್ಕದಲ್ಲಿ, ಯಾವ ಉಪಕರಣವೂ ಇಲ್ಲದ 24 ಗಂಟೆಯ ಆಹಾರ ಸಮೀಕ್ಷೆ, ಅಂದರೆ ಹಿಂದಿನ ಒಂದು ದಿನದಲ್ಲಿ ತಿಂದಿದ್ದು, ಕುಡಿದಿದ್ದನ್ನೆಲ್ಲ ಕೇಳಿ ಬರೆದುಕೊಳ್ಳುವುದು. ಮೊದಲು ತಡೆಯದೆ ಪಟ್ಟಿ ಹೇಳಿಸಿಕೊಳ್ಳಬೇಕು. ಆಮೇಲೆ ಮರೆತುಹೋಗುವಂಥವು, ಅಂದರೆ ಪಾನೀಯ, ಕುರುಕಲು, ಸಿಹಿ. ನಂತರ ಹೊತ್ತು ಮತ್ತು ಸಂದರ್ಭ. ಬಳಿಕ ಪ್ರಮಾಣ ಮತ್ತು ಅಡುಗೆ ಮಾಡಿದ ಬಗೆ. ಕೊನೆಗೊಮ್ಮೆ ಪೂರ್ತಿ ಓದಿ ಹೇಳುವುದು. ಎಣ್ಣೆ, ಸಕ್ಕರೆ ಬಿಟ್ಟುಹೋಗುವುದು ಪ್ರಮಾಣದ ಹಂತದಲ್ಲೇ. "ಬೆಳಿಗ್ಗೆ ತಿಂಡಿಗೆ ಏನು ತಿಂದಿರಿ?" ಎಂದು ಕೇಳಿದರೆ ತಿನ್ನದವರೂ ಏನಾದರೂ ಹೇಳಿಬಿಡುತ್ತಾರೆ. "ಎದ್ದಮೇಲೆ ಮೊದಲು ಬಾಯಿಗೆ ಹಾಕಿಕೊಂಡಿದ್ದು ಏನು?" ಎಂದೇ ಕೇಳಬೇಕು. ಕೇಳುವವರು ಬರೀ ಹುಬ್ಬೇರಿಸಿದರೂ ಮುಂದಿನ ಉತ್ತರ ಬದಲಾಗುತ್ತದೆ.

ಮಕ್ಕಳ ನಡವಳಿಕೆ ಗಮನಿಸಿ ಬರೆಯುವ ಲ್ಯಾಬ್‌ನಲ್ಲಿ ಹುಬ್ಬಿನ ಬದಲು ಪೆನ್ನಿಗೆ ಕಡಿವಾಣ. "ಮಗುವಿಗೆ ಸಿಟ್ಟು ಬಂತು" ಎಂದು ಬರೆದರೆ ರೆಕಾರ್ಡ್‌ನಲ್ಲಿ ಕೆಂಪು ಗೆರೆ. "ಬ್ಲಾಕ್ ಎಸೆಯಿತು, ಎರಡು ಹೆಜ್ಜೆ ಹಿಂದೆ ಸರಿಯಿತು, ಬಾಗಿಲ ಕಡೆ ನೋಡಿತು" ಎಂದರೆ ಸರಿ. ಇಬ್ಬರು ಒಂದೇ ಮಗುವನ್ನು ನೋಡಿ ಬೇರೆಬೇರೆಯಾಗಿ ಗುರುತು ಹಾಕಿ, ನಂತರ ತಾಳೆ ನೋಡುವುದು ಪದ್ಧತಿ. ತಾಳೆಯಾಗದಿದ್ದರೆ ಸಾಮಾನ್ಯವಾಗಿ ತಪ್ಪು ನೋಡಿದವರದ್ದಲ್ಲ; "ಹಂಚಿಕೊಳ್ಳುವುದು" ಎಂದರೆ ಆಟಿಕೆ ಕೈಬಿಡುವುದೋ, ಇನ್ನೊಬ್ಬರ ಕೈಗೆ ಕೊಡುವುದೋ ಎಂದು ಮೊದಲೇ ಬರೆದಿಟ್ಟಿರುವುದಿಲ್ಲ.