ಎರಡನೇ ಪುಟ

"ಮೂರನೇ ಪುಟ ಬರ್ದೋರು ನೀವೇ ಅಲ್ದಾ ಅಕ್ಕಾ?"

"ಹೌದು."

"ಹಂಗಾರೆ ಎರಡನೇ ಪುಟನೂ ನೀವೇನಾ?"

ಇಷ್ಟೇ ನಡೆದಿದ್ದು. ಕಳೆದ ಶುಕ್ರವಾರ, ಮಕ್ಕಳ ದಿನಾಚರಣೆ ಮುಗಿಸಿ ಕೂತ ಪೋಷಕರ ಸಭೆಯಲ್ಲಿ, ಚಾ-ಉಪ್ಪಿಟ್ಟು ಬರುವುದಕ್ಕೆ ಹತ್ತು ನಿಮಿಷ ಮುಂಚೆ. ಅವಳ ದನಿಯಲ್ಲಿ ಜಗಳ ಇರಲಿಲ್ಲ, ಕೊಂಕೂ ಇರಲಿಲ್ಲ. ಅಂಗಡಿಯಲ್ಲಿ 'ಈ ಬೆಲ್ಲ, ಆ ಬೆಲ್ಲ ಎರಡೂ ಒಂದೇನಾ' ಅಂತ ಕೇಳ್ತಾರಲ್ಲ, ಹಾಗೆ ಕೇಳಿದಳು. ಜಗಳ ಮಾಡಿದ್ದರೇ ಚೆನ್ನಾಗಿತ್ತು. ನಾನೂ ಜಗಳಕ್ಕೆ ಹಿಂದೆ ಬೀಳುವವಳಲ್ಲ. ಏನೋ ಒಂದು ತಿರುಗಿಸಿ ಹೇಳಿ, ಮನೆಗೆ ಬರುವಷ್ಟರಲ್ಲಿ ಮರೆತಿರುತ್ತಿದ್ದೆ. ಇವತ್ತಿಗೆ ಆರು ದಿನ. ಅಡಿಕೆ ಬೇಯುವ ಹಂಡೆ ಮುಂದೆ ಕೂತರೂ ಅದೇ, ರಾತ್ರಿ ದೀಪ ಆರಿಸಿದರೂ ಅದೇ. ಎರಡನೇ ಪುಟನೂ ನೀವೇನಾ?

ನಾನೇ. ನಾಲ್ಕು ಪುಟವೂ ನಾನೇ. ಮದುವೆಗೆ ಮುಂಚೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಕಂಪೋಸ್ ಮಾಡುತ್ತಿದ್ದೆ ಅನ್ನುವ ಒಂದೇ ಅರ್ಹತೆಯ ಮೇಲೆ ಹೆಡ್‌ಮೇಷ್ಟ್ರು ಶಾಲೆಯ ಸುದ್ದಿಹಾಳೆಯನ್ನು ನನ್ನ ತಲೆಗೆ ಕಟ್ಟಿದ್ದು. ತಿಂಗಳಿಗೊಂದು. ಮೊದಲು ಮೂವತ್ತು ಪ್ರತಿ ಜೆರಾಕ್ಸ್ ಮಾಡಿಸಿ ಮಕ್ಕಳ ಕೈಲಿ ಮನೆಮನೆಗೆ ಕಳಿಸುತ್ತಿದ್ದೆವು. ಆ ದುಡ್ಡು ಯಾಕೆ ದಂಡ ಅಂತ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ, ಯಾರೋ ಎತ್ತಿದರು, ಈಗ ಪಿಡಿಎಫ್ ಮಾಡಿ ವಾಟ್ಸಾಪ್ ಗ್ರೂಪಿಗೆ ಬಿಡುವುದು. ಮೊದಲ ಪುಟದಲ್ಲಿ ಯಾವಾಗಲೂ ನಮ್ಮ ಸಮಿತಿಯ ಅಧ್ಯಕ್ಷರು ಯಾರಿಗಾದರೂ ಏನನ್ನಾದರೂ ಕೊಡುತ್ತಿರುತ್ತಾರೆ. ಈ ಸಲ ಬಿಸಿಯೂಟದವರಿಗೆ ಕುಕ್ಕರ್. ಕುಕ್ಕರ್ ಬಂದಿದ್ದು ದಾನಿಗಳಿಂದ, ಫೋಟೋದಲ್ಲಿ ಬಂದಿದ್ದು ಅಧ್ಯಕ್ಷರು. ಇರಲಿ.

ಮೂರನೇ ಪುಟ ನನ್ನ ಹೆಮ್ಮೆಯದು. 'ಮಕ್ಕಳ ಕೈಲಿ ಮೊಬೈಲು: ಪೋಷಕರಿಗೆ ಹತ್ತು ಕಿವಿಮಾತು.' ಮೂರು ರಾತ್ರಿ ಓದಿ ಬರೆದಿದ್ದೆ. ಇನ್‌ಸ್ಟಾಗ್ರಾಮ್, ವಾಟ್ಸಾಪ್ ಎರಡಕ್ಕೂ ಕಡೇಪಕ್ಷ 13 ವರ್ಷ ಆಗಿರಬೇಕು ಅನ್ನುವುದು ನಮ್ಮೂರಲ್ಲಿ ಎಷ್ಟು ಜನಕ್ಕೆ ಗೊತ್ತು? ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು, ಮಕ್ಕಳಿಗೆ ಕಷ್ಟ ಬಂದರೆ 1098, ಹೆಸರು ಹೇಳದೆಯೂ ದೂರು ಕೊಡಲು ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್ಲಿನಲ್ಲಿ ಮಹಿಳೆಯರು-ಮಕ್ಕಳಿಗೆ ಅಂತಲೇ ಒಂದು ವಿಭಾಗ ಇದೆ, ಇದೆಲ್ಲ ಬರೆದಿದ್ದೆ. ನಾಲ್ಕನೇ ಕಿವಿಮಾತು ಹೀಗಿತ್ತು: 'ಮಗುವಿನ ಪೂರ್ತಿ ಹೆಸರು, ಶಾಲೆ, ಊರು, ದಿನಾ ಹೋಗಿಬರುವ ದಾರಿ ಅಪರಿಚಿತರಿಗೆ ತಿಳಿಯದಂತೆ ನೋಡಿಕೊಳ್ಳಿ.'

ಎರಡನೇ ಪುಟದಲ್ಲಿ ಪ್ರತಿಭಾ ಕಾರಂಜಿ ಗೆದ್ದವರು. ಕ್ಲಸ್ಟರ್ ಮಟ್ಟದಲ್ಲಿ ಭಕ್ತಿಗೀತೆಗೆ ಮೊದಲ ಬಹುಮಾನ ತಂದ ಏಳನೇ ಕ್ಲಾಸಿನ ಹುಡುಗಿಯ ದೊಡ್ಡ ಫೋಟೋ. ಎರಡು ಜಡೆ, ರಿಬ್ಬನ್ನು, ಕೈಯಲ್ಲಿ ಸರ್ಟಿಫಿಕೇಟು. ಕೆಳಗೆ ಹೆಸರು, ಅಪ್ಪನ ಹೆಸರು, ಊರು. ಅದರ ಕೆಳಗೆ, ನನ್ನ ಕೈಯಾರೆ, ದಪ್ಪ ಅಕ್ಷರದಲ್ಲಿ: 'ದಿನವೂ ಕಾಡುದಾರಿಯಲ್ಲಿ ಒಬ್ಬಳೇ ಎರಡು ಕಿಲೋಮೀಟರ್ ನಡೆದು, 8.20ರ ಬಸ್ಸು ಹಿಡಿದು ಶಾಲೆಗೆ ಬರುವ ನಮ್ಮ ಹಳ್ಳಿಯ ಕೋಗಿಲೆ!'

ಆಶ್ಚರ್ಯಸೂಚಕ ಚಿಹ್ನೆಯೂ ನಂದೇ.

ಸಭೆಗೆ ಠಾಣೆಯಿಂದ ಒಬ್ಬಳು ಮಹಿಳಾ ಪೊಲೀಸ್ ಬಂದಿದ್ದಳು. ಮೂವತ್ತೂ ಆಗಿರಲಿಕ್ಕಿಲ್ಲ. ಬಂದವರು ಸಾಮಾನ್ಯವಾಗಿ ಪರದೆ ಮೇಲೆ ಇಂಗ್ಲಿಷ್ ಚಿತ್ರ ತೋರಿಸಿ ನಮ್ಮನ್ನು ನಿದ್ದೆಗೆ ಕಳಿಸುತ್ತಾರೆ. ಈಕೆ ಹಾಗಲ್ಲ, ನಿಮ್ಮ ಮೊಬೈಲು ತೆಗೀರಿ ಅಂದವಳೇ ಸಾಲುಸಾಲಾಗಿ ಓಡಾಡಿದಳು. ನನಗೆ ಬಹಳ ಹಿಡಿಸಿತು. ಕೊನೆಗೆ, 'ಯಾರಾದ್ರೂ ಏನಾದ್ರೂ ಕೇಳೋದಿದ್ಯಾ?' ಅಂದಾಗ ಹಿಂದಿನ ಬೆಂಚಿನಿಂದ ಈ ಹುಡುಗಿಯ ಅಮ್ಮ ಎದ್ದು ನಿಂತಳು. ಅಡಿಕೆ ಸುಲಿಯಲು ಹೋಗುವವಳು, ಆ ದಿನ ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದಳು. ಪೊಲೀಸರನ್ನು ಕೇಳುತ್ತಾಳೆ ಅಂದುಕೊಂಡರೆ ನನ್ನ ಕಡೆ ತಿರುಗಿದಳು. ಮೂರನೇ ಪುಟ ಬರ್ದೋರು ನೀವೇ ಅಲ್ದಾ ಅಕ್ಕಾ? ಹೊಗಳುತ್ತಾಳೆ ಅಂತ ಅರ್ಧ ನಗುತ್ತಲೇ ಹೌದು ಅಂದಿದ್ದೆ ನಾನು. ಆ ಅರ್ಧ ನಗುವನ್ನು ನೆನೆಸಿಕೊಂಡರೆ ಈಗಲೂ ಮೈ ಹಿಡಿಯಾಗುತ್ತದೆ.

ಆಮೇಲೆ ಮೊಬೈಲು ತೆಗೆದು ಪೊಲೀಸಿನವಳ ಕೈಗೆ ಕೊಟ್ಟಳು. ಗುರುತಿಲ್ಲದ ನಂಬರಿಂದ ಬಂದ ಮೆಸೇಜು. ಫೋಟೋ ಜಾಗದಲ್ಲಿ ಕೆಂಪು ದಾಸವಾಳ. 'ಪುಟ್ಟಿ, ಹಾಡು ತುಂಬಾ ಚೆನ್ನಾಗಿ ಹಾಡ್ತೀಯಂತೆ. ದಿನಾ 8.20ರ ಬಸ್ಸಿಗೆ ಒಬ್ಬಳೇ ಬರ್ತೀಯಾ?' ಹುಡುಗಿ ಅದಕ್ಕೆ ಉತ್ತರ ಕೊಟ್ಟಿದ್ದಳು: 'ಹೌದು ಅಂಕಲ್. ಥ್ಯಾಂಕ್ಸ್.' ದೊಡ್ಡವರು ಕೇಳಿದರೆ ಬಾಯಿಬಿಟ್ಟು ಉತ್ತರ ಕೊಡಬೇಕು ಅಂತ ನಾವೇ ಹೇಳಿಕೊಟ್ಟಿದ್ದಲ್ಲವೇ. ಮಾರನೇ ದಿನ ಮತ್ತೆ: 'ಫೋಟೋ ಕಳ್ಸು.' ಅದರ ಕೆಳಗೆ, 'ಯಾಕೆ ಉತ್ತರ ಇಲ್ಲ?' ಅಷ್ಟೊತ್ತಿಗೆ ಅವಳು ಹೋಗಿ ಅಮ್ಮನಿಗೆ ಹೇಳಿದ್ದಳು. ಆ ಅಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. 'ಎಲ್ಲಿ, ತೋರ್ಸು' ಅಂದಳಂತೆ. ನನ್ನ ಮಗ ಇಂಥದ್ದು ತಂದಿದ್ದರೆ ನಾನು ಮೊದಲು ಮಾಡುತ್ತಿದ್ದ ಕೆಲಸ ಮೊಬೈಲು ಕಿತ್ತು ಕಪಾಟಿನ ಮೇಲೆ ಎಸೆಯುವುದು. ಹತ್ತು ಕಿವಿಮಾತಿನಲ್ಲಿ ಏಳನೆಯದು 'ಮಕ್ಕಳು ಹೇಳಿದಾಗ ಸಮಾಧಾನದಿಂದ ಕೇಳಿ' ಅಂತ ಇತ್ತು, ಅದನ್ನೂ ಬರೆದವಳು ನಾನೇ.

ನಂಬರ್ ಎಲ್ಲಿಂದ ಸಿಕ್ಕಿತು ಅನ್ನುವುದಕ್ಕೆ ಪೊಲೀಸ್ ಬುದ್ಧಿ ಬೇಡ. ಕ್ಲಾಸಿನ ಗ್ರೂಪಲ್ಲಿ ಇರುವವರಿಗೆಲ್ಲ ಎಲ್ಲರ ನಂಬರೂ ಕಾಣುತ್ತದೆ. ಆ ಗ್ರೂಪಲ್ಲಿ ಅಪ್ಪ-ಅಮ್ಮ ಮಾತ್ರ ಇಲ್ಲ. ಚಿಕ್ಕಪ್ಪ, ಮಾವ, ಹಳೇ ವಿದ್ಯಾರ್ಥಿ, ವರ್ಷದ ಹಿಂದೆ ಟಿಸಿ ತಗೊಂಡು ಹೋದ ಹುಡುಗನ ಅಣ್ಣ, ಎಲ್ಲರೂ ಇದ್ದಾರೆ. ಯಾರನ್ನೂ ತೆಗೆಯುವ ಪದ್ಧತಿ ಇಲ್ಲ, ಬೇಜಾರಾಗ್ತದೆ ಅಂತ. ಇನ್ನು ಹಾಳೆ ಎಲ್ಲಿಗೆ ಹೋಯಿತು? ಗ್ರೂಪಿಂದ ಊರಿನ ಗ್ರೂಪಿಗೆ, ಅಲ್ಲಿಂದ ಬೆಂಗಳೂರಿನವರ ಗ್ರೂಪಿಗೆ, ಆಮೇಲೆ ಯಾರದೋ ಫೇಸ್‌ಬುಕ್ಕಿಗೆ. ಫೋಟೋಗಳ ವಿಷಯದಲ್ಲೂ ನನ್ನದೊಂದು ಜಾಣತನ ಇತ್ತು. ವಾಟ್ಸಾಪಲ್ಲಿ ಮಾಮೂಲಾಗಿ ಕಳಿಸಿದರೆ ಮಸುಕಾಗ್ತದೆ, ಡಾಕ್ಯುಮೆಂಟ್ ಮಾಡಿ ಗ್ರೂಪಿಗೆ ಹಾಕಿ ಅಂತ ಮೇಷ್ಟ್ರಿಗೆ ಹೇಳಿದ್ದೆ. ಹಾಗೆ ಡಾಕ್ಯುಮೆಂಟ್ ಆಗಿ ಹೋದ ಫೋಟೋದೊಳಗೆ, ಮೊಬೈಲಲ್ಲಿ ಲೊಕೇಶನ್ ಆನ್ ಇದ್ದರೆ, ತೆಗೆದ ಜಾಗವೂ ಸೇರಿಕೊಂಡು ಹೋಗುತ್ತದಂತೆ. ಮಾಮೂಲು ಫೋಟೋದಲ್ಲಾದರೆ ವಾಟ್ಸಾಪೇ ಅದನ್ನು ಕಿತ್ತು ಹಾಕುತ್ತದೆ. ಪೊಲೀಸಿನವಳು ಹೇಳಿದಳು. ಮಸುಕೇ ಒಳ್ಳೆಯದಿತ್ತು.

ಅಧ್ಯಕ್ಷರು ಎದ್ದು, 'ಯಾರೋ ನಮ್ಮೂರೋರೇ ಇರ್ಬೇಕು ಮಾರಾಯ್ರೆ, ಪ್ರೀತಿಯಿಂದ ಕೇಳಿದ್ದು. ದೊಡ್ಡದು ಮಾಡಿದ್ರೆ ಶಾಲೆ ಹೆಸರು ಹಾಳಾಗ್ತದೆ' ಅಂದರು. ಅವರ ಬಗ್ಗೆ ನನಗೆ ಎಷ್ಟೇ ತಕರಾರಿದ್ದರೂ ಇದನ್ನು ಕೇಳುವವರೆಗೆ ಸಿಟ್ಟು ಇರಲಿಲ್ಲ. ಪ್ರೀತಿಯಿಂದ ಕೇಳುವವನು ದಾಸವಾಳದ ಹಿಂದೆ ಯಾಕೆ ಕೂರುತ್ತಾನೆ? ಪೊಲೀಸಿನವಳು ಅವರ ಮಾತನ್ನು ಕೇಳಿಸಿಕೊಳ್ಳದವಳ ಹಾಗೆ, ನಂಬರು, ದಿನ, ಹೊತ್ತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಸಿಕೊಂಡಳು. ಹೆದರಿ ಡಿಲೀಟ್ ಮಾಡಬೇಡಿ, ಎಲ್ಲ ಉಳಿಸಿಕೊಂಡ ಮೇಲೆ ಬ್ಲಾಕ್ ಮಾಡಿ ಅಂದಳು. ದೂರು ಠಾಣೆಯಲ್ಲಿದೆ. ಯಾರು ಅಂತ ಇನ್ನೂ ಗೊತ್ತಾಗಿಲ್ಲ.

ಸಭೆ ಮುಗಿದ ಮೇಲೆ ಹೆಡ್‌ಮೇಷ್ಟ್ರು, ಪಾಪ, ಒಳ್ಳೆಯವರು, ನನ್ನ ಹತ್ತಿರ ಬಂದು 'ನಿಮ್ದೇನೂ ತಪ್ಪಿಲ್ಲಮ್ಮ, ಮಗು ಬಗ್ಗೆ ಒಳ್ಳೆ ಮಾತೇ ಬರೆದಿದ್ರಿ' ಅಂದರು. ಒಳ್ಳೆ ಮಾತು. ಅದನ್ನೇ ನಾನು ಆರು ದಿನದಿಂದ ಮಗುಚಿ ಮಗುಚಿ ನೋಡುತ್ತಿರುವುದು. ಅದೇ ಪುಟದಲ್ಲಿ ಕೆಳಗೆ ನನ್ನ ಮಗನ ಫೋಟೋವೂ ಇತ್ತು, ಅವನಿಗೆ ಮಣ್ಣಿನ ಮಾದರಿಯಲ್ಲಿ ಎರಡನೇ ಬಹುಮಾನ. ಅವನದೂ ಏಳನೇ ಕ್ಲಾಸೇ. ಫೋಟೋದ ಕೆಳಗೆ ಹೆಸರು, ತರಗತಿ, ಅಷ್ಟೇ. ಅವನು ಎಷ್ಟು ಹೊತ್ತಿಗೆ ಹೊರಡುತ್ತಾನೆ, ಯಾವ ದಾರಿಯಲ್ಲಿ ಹೋಗುತ್ತಾನೆ ಅಂತ ನಾನು ಬರೆಯಲಿಲ್ಲ. ಮುಚ್ಚಿಡಬೇಕು ಅಂತಲ್ಲ, ಬರೆಯುವುದಕ್ಕೆ ಅದರಲ್ಲೇನೂ ಇರಲಿಲ್ಲ. ಅವನು ಹೋಗುವುದು ಅಪ್ಪನ ಕಾರಿನಲ್ಲಿ. ಅವಳ ಕಾಲ್ದಾರಿ ಓದಿದವರಿಗೆ ಕಣ್ಣಲ್ಲಿ ನೀರು ಬರಿಸುತ್ತದೆ, ಶೇರ್ ಮಾಡಿಸುತ್ತದೆ. ಡಿಟಿಪಿ ಅಂಗಡಿಯಲ್ಲಿ ಕಲಿತಿದ್ದಲ್ಲ ಅದು, ಎಲ್ಲಾ ಪೇಪರು, ಟೀವಿ ನೋಡಿ ಕಲಿತಿದ್ದು: ಬಡವರ ಮಗು ಗೆದ್ದರೆ ಮೊದಲು ಅದರ ಬಡತನ ಬರೀಬೇಕು. ಉಳ್ಳವರ ಮಕ್ಕಳ ಕಷ್ಟ ಯಾರೂ ಕೇಳದೆ ಮನೆಯೊಳಗೇ ಉಳಿಯುತ್ತದೆ, ಇಲ್ಲದವರ ಮನೆಗೆ ಬಾಗಿಲೇ ಇಲ್ಲವೇನೋ ಅನ್ನುವಂತೆ ನಾವು ಒಳಗೆ ಹೋಗಿ ಹೊಗಳುತ್ತೇವೆ. ಬರೆಯುವ ಮುಂಚೆ ಅವಳನ್ನು ಕೇಳಿರಲಿಲ್ಲ. ಅವಳ ಅಮ್ಮನನ್ನೂ ಕೇಳಿರಲಿಲ್ಲ.

ಇನ್ನೊಂದು ನನ್ನನ್ನು ಕಾಡುತ್ತಿರುವುದು. ನಮ್ಮ ಕಡೆ ಗುಟ್ಟು ಅಂತ ಒಂದಿತ್ತೇ? ಬಸ್ಸು ಹತ್ತಿದರೆ ಮೊದಲ ಪ್ರಶ್ನೆ, 'ಯಾರ ಮನೆಯೋಳೇ ನೀನು?' ಊರು, ಅಪ್ಪ, ಅಜ್ಜ, ಎಲ್ಲ ಹೇಳಿದ ಮೇಲೆ 'ಹೋ, ಅವರ ಮೊಮ್ಮಗಳಾ' ಅಂತ ಜಾಗ ಬಿಡುತ್ತಿದ್ದರು. ನಾನೂ ಹಾಗೇ ಬೆಳೆದದ್ದು. ಆ 8.20ರ ಬಸ್ಸಿನ ಕಂಡಕ್ಟರಿಗೆ ಈ ಹುಡುಗಿ ಗೊತ್ತು, ಅವಳು ಬಾರದಿದ್ದರೆ ಒಂದು ಹಾರನ್ ಜಾಸ್ತಿ ಹೊಡೆಯುತ್ತಾನೆ. ಬಸ್‌ಸ್ಟ್ಯಾಂಡಿನ ಗೂಡಂಗಡಿಯವನಿಗೂ ಗೊತ್ತು. ಇಷ್ಟು ವರ್ಷ ಅವಳನ್ನು ಕಾಯ್ದಿದ್ದು ಆ ಗೊತ್ತಿರುವಿಕೆಯೇ. ಅದೇ ಸಂಗತಿಯನ್ನು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ, ನಾನು ಹಾಳೆಗೆ ಹಾಕಿ ಕಳಿಸಿದೆ. ಓದಿದವನು ಅವಳ ಅಜ್ಜನನ್ನು ಕಂಡವನಲ್ಲ, ನಾಳೆ ಎದುರು ಸಿಕ್ಕರೆ ಮುಖ ತಗ್ಗಿಸಬೇಕಾದವನೂ ಅಲ್ಲ.

ಮೊಬೈಲು ಕೊಟ್ಟಿದ್ದೇ ತಪ್ಪು ಅನ್ನುವವರಿಗೆ ನನ್ನ ಹತ್ತಿರ ತಾಳ್ಮೆಯಿಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ಸಿಗ್ನಲ್ ಹುಡುಕಿ ಮಳೆಯಲ್ಲಿ ಗುಡ್ಡ ಹತ್ತಿ ಕೊಡೆ ಹಿಡಿದು ಕೂತಿದ್ದವರು ಇದೇ ಮಕ್ಕಳ ಅಕ್ಕ-ಅಣ್ಣಂದಿರು. ನೆಟ್‌ವರ್ಕ್ ಇಲ್ಲದಿದ್ದರೆ ಓಟಿಲ್ಲ ಅಂತ ನಮ್ಮ ಜಿಲ್ಲೆಯ ಹಳ್ಳಿಗಳಲ್ಲೇ ಕೂಗೆದ್ದಿತ್ತು. ಆಗ ಕೊಡದಿದ್ದರೆ ಭವಿಷ್ಯ ಹಾಳು, ಈಗ ಕೊಟ್ಟರೆ ಭವಿಷ್ಯ ಹಾಳು. ಈ ಹುಡುಗಿಯ ಅಮ್ಮ ಆವತ್ತು ಸಂಘದಲ್ಲಿ ಸಾಲ ತೆಗೆದು ಕೊಂಡ ಮೊಬೈಲೇ ಅದು, ಮನೆಗೆಲ್ಲ ಅದೊಂದೇ.

ಶುಕ್ರವಾರ ರಾತ್ರಿ ಮನೆಗೆ ಬಂದವಳು ಮಗನ ಇನ್‌ಸ್ಟಾಗ್ರಾಮ್ ತೆಗೆಸಿ ನೋಡಿದೆ. ಅದರ ಪ್ರಕಾರ ಅವನು 1998ರಲ್ಲಿ ಹುಟ್ಟಿದ್ದಾನೆ. ನನ್ನ ಮದುವೆಗಿಂತ ಎಷ್ಟೋ ವರ್ಷ ಮುಂಚೆ. ಮಕ್ಕಳ ಖಾತೆಗಳಿಗೆ ಅವರೇ ಬೀಗ ಹಾಕಿಡುತ್ತಾರೆ, ಗುರುತಿಲ್ಲದವರು ಮೆಸೇಜು ಮಾಡುವ ಹಾಗಿಲ್ಲ, ಹದಿನಾರು ತುಂಬುವವರೆಗೆ ಆ ಬೀಗ ಸಡಿಲಿಸಲು ಅಪ್ಪ-ಅಮ್ಮನ ಒಪ್ಪಿಗೆ ಬೇಕು ಅಂತೆಲ್ಲ ಮೂರನೇ ಪುಟದಲ್ಲಿ ಬರೆದಿದ್ದೆ. ಹುಟ್ಟಿದ ವರ್ಷವೇ ಸುಳ್ಳಾದರೆ ಬೀಗ ಯಾವ ಬಾಗಿಲಿಗೆ? 'ಯಾರು ಹೇಳ್ಕೊಟ್ಟಿದ್ದೋ?' ಅಂದೆ. 'ಅಪ್ಪ' ಅಂದ. ಅವರು ಆಗಲೇ ಟಾರ್ಚು ಹಿಡಿದು ತೋಟದ ಕಡೆ ಹೊರಟಿದ್ದರು.

ಸೋಮವಾರ ಹೆಡ್‌ಮೇಷ್ಟ್ರ ಹತ್ತಿರ ಕೂತು ಗ್ರೂಪನ್ನು ಕಮ್ಯುನಿಟಿ ಮಾಡಿ, ಪ್ರಕಟಣೆ ಅದರ ಅನೌನ್ಸ್‌ಮೆಂಟಿನಲ್ಲಿ ಮಾತ್ರ ಬರುವ ಹಾಗೆ ಬದಲಾಯಿಸಿದೆವು. ಅಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಅರವತ್ತಕ್ಕೂ ಹೆಚ್ಚು ಜನರನ್ನು ತೆಗೆದೆವು, ಒಬ್ಬರಿಗೆ ಬೇಜಾರೂ ಆಗಿದೆ. ನನ್ನ ಗಂಡನ ತಮ್ಮನಿಗೆ. ಹಾಳೆಯಲ್ಲಿ ಇನ್ನು ಊರು, ಅಪ್ಪನ ಹೆಸರು, ದಾರಿ ಇಲ್ಲ. ಫೋಟೋಗೆ ಮನೆಯವರು ಸಹಿ ಮಾಡಿ ಕೊಡಬೇಕು. 2023ರ ಡೇಟಾ ಕಾನೂನಿನಲ್ಲಿ ಹದಿನೆಂಟರೊಳಗಿನ ಮಗುವಿನ ವಿವರಕ್ಕೆ ಅಪ್ಪ-ಅಮ್ಮನ ಒಪ್ಪಿಗೆ ಬೇಕು ಅಂತ ಓದಿ ಹೇಳಿದಾಗ ಮೇಷ್ಟ್ರು 'ಕಾನೂನೇ ಇದ್ಯಾ!' ಅಂದರು. ನಾಲ್ಕನೇ ಕಿವಿಮಾತು ಬರೆಯುವಾಗ ನನಗೂ ಗೊತ್ತಿರಲಿಲ್ಲ.

ನಿನ್ನೆ ಅವಳು ನಮ್ಮನೆಗೇ ಅಡಿಕೆ ಸುಲಿಯಲು ಬಂದಳು. ಬೆಳಿಗ್ಗೆ ಮಗಳನ್ನು ಬಸ್ಸು ಹತ್ತಿಸಿ ಬರುವುದರಿಂದ ಈಗ ದಿನಾ ಒಂದು ಗಂಟೆ ತಡ. ಕೆಜಿ ಲೆಕ್ಕದ ಕೂಲಿ, ಆ ಒಂದು ಗಂಟೆ ಅವಳದೇ ನಷ್ಟ. ಕೊಯ್ಲು ಮುಗಿಯುವ ತನಕ ಹುಡುಗಿಯನ್ನು ನಮ್ಮ ಕಾರಲ್ಲೇ ಕರೆದುಕೊಂಡು ಹೋಗಲಿ ಅಂತ ಬಾಯಿ ತುದಿಗೆ ಬಂತು. ಹೇಳಿದೆ ಕೂಡ. 'ನೋಡಣ' ಅಂದಳು. ಮೆಟ್ಟುಗತ್ತಿ ಕಾಲಡಿ ಹಾಕಿ ಕೂತು, ಎರಡು ಬುಟ್ಟಿ ಆಗುವವರೆಗೂ ಮಾತಿಲ್ಲ. ನಾನೇ ಕಾಫಿ ಕೊಟ್ಟು, ಎರಡನೇ ಪುಟ ಗ್ರೂಪಿಂದ ತೆಗೆಸಿದ್ದೇವೆ, ಹೊರಗೆ ಹೋಗಿದ್ದನ್ನು ಏನು ಮಾಡಲಿಕ್ಕೂ ಬರುವುದಿಲ್ಲ ಅಂದೆ.

"ತೆಗ್ದ್ರಾ? ಅವಳು ಅಳ್ತಿದ್ಲು ಅಕ್ಕಾ, ತನ್ನ ಫೋಟೋ ಹೋತು ಅಂತ. ನಂಗೊಂದು ಕಾಗದದಲ್ಲಿ ಮಾಡ್ಸಿ ಕೊಡ್ತೀರಾ? ಮೊದ್ಲಿನ ಹಂಗೆ, ಬಣ್ಣದ್ದು."

"ಅದ್ರಲ್ಲಿ ಬಸ್ಸಿನ ಟೈಮು ಎಲ್ಲಾ ಇದ್ಯಲ್ಲೇ."

"ಇರ್ಲಿ. ನಮ್ಮನೆ ಗೋಡೆಗೆ ಅಂಟ್ಸದು. ನಮ್ಮನೆಗೆ ಬರೋರಿಗೆಲ್ಲ ಬಸ್ಸಿನ ಟೈಮು ಗೊತ್ತೇ ಐತೆ."

ಮತ್ತೆ ಅಡಿಕೆಗೆ ಕೈ ಹಾಕಿದಳು. ಮನೆಯ ಪ್ರಿಂಟರಿನಲ್ಲಿ ಕಲರ್ ಇಂಕು ಮುಗಿದು ಎರಡು ತಿಂಗಳಾಯಿತು. ನಾಳೆ ಹೊಸನಗರಕ್ಕೆ ಹೋಗುವುದಿದೆ, ಅಲ್ಲಿ ದಪ್ಪ ಹಾಳೆಯಲ್ಲಿ ಮಾಡಿಸಿ, ಮಳೆಗಾಲಕ್ಕೆ ಒದ್ದೆಯಾಗದ ಹಾಗೆ ಲ್ಯಾಮಿನೇಷನ್ ಹಾಕಿಸಿ ತರಬೇಕು.