ಒಂದು ರೆಪ್ಪೆ ಎತ್ತಿದರೆ ಇನ್ನೊಂದು ಇಳಿಯಿತು

ಯಕ್ಷಗಾನ ಮೇಳಗಳ ವರ್ಷದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಕೆಲವು ವಾರಗಳ ಮೊದಲು ಬದಿಯಡ್ಕದ ಸಮೀಪ ನಡೆದ ಒಂದು ಹವ್ಯಾಸಿ ಯಕ್ಷಗಾನ ಆಟದ ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆಯಲ್ಲಿ) ಕನ್ನಡಿ ಹಿಡಿದು ಕಣ್ಣಿಗೆ ಕಪ್ಪು ತೀಡುತ್ತಿದ್ದಾಗ, ಎರಡೂ ಕಡೆ ಒಂದೇ ಅಳತೆಯ ಗೆರೆ ಎಳೆದಿದ್ದರೂ ನನ್ನ ಎಡಗಣ್ಣು ನಿದ್ದೆಗಣ್ಣಿನಂತೆ ಕಾಣುತ್ತಿರುವುದನ್ನು ಗಮನಿಸಿದೆ. ಪರಿಚಯದ ಬ್ಯೂಟಿಪಾರ್ಲರ್‌ನವರು ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಎಂಬ ಮದ್ದು ಚುಚ್ಚಿಸಿಕೊಳ್ಳಲು ಹೇಳಿದರು. ಹುಬ್ಬಿನ ಬಳಿ ಚುಚ್ಚಿದ ಬೊಟಾಕ್ಸ್ ರೆಪ್ಪೆಯ ಸ್ನಾಯುವಿಗೆ ಹರಡಿದರೆ ರೆಪ್ಪೆಯೇ ಜೋತುಬೀಳಬಹುದೆಂಬುದು ಆಮೇಲೆ ತಿಳಿಯಿತು.

ಕಾಸರಗೋಡಿನ ನಮಗೆ ಇಂಥದ್ದಕ್ಕೆಲ್ಲ ಮಂಗಳೂರೇ ಗತಿ. ಅಲ್ಲಿನ ನೇತ್ರತಜ್ಞರು ಮೊದಲು ಕೇಳಿದ್ದು ಹಳೆಯ ಫೋಟೋಗಳನ್ನು. ಹತ್ತು ವರ್ಷಗಳಲ್ಲಿ ನಿಧಾನವಾಗಿ ಇಳಿದ ರೆಪ್ಪೆ ಬೇರೆ, ಒಂದೇ ದಿನದಲ್ಲಿ ಇಳಿದದ್ದು ಬೇರೆ. ಹಠಾತ್ತನೆ ರೆಪ್ಪೆ ಇಳಿದು, ಜೊತೆಗೆ ತಲೆನೋವು, ವಸ್ತುಗಳು ಎರಡೆರಡಾಗಿ ಕಾಣುವುದು ಅಥವಾ ಒಂದು ಕಣ್ಣಿನ ಪಾಪೆ ಹಿಗ್ಗುವುದು ಇದ್ದರೆ ಅದು ಸೌಂದರ್ಯದ ಮಾತಲ್ಲ, ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಓಡಬೇಕಾದ ಸ್ಥಿತಿ. ಸಂಜೆಯಾದಂತೆ ರೆಪ್ಪೆ ಹೆಚ್ಚು ಬಾಡುವುದಾದರೆ ಮಯಸ್ತೇನಿಯಾ ಎಂಬ ಸ್ನಾಯುದೌರ್ಬಲ್ಯವನ್ನು ಶಂಕಿಸುತ್ತಾರೆ. ಅದಕ್ಕಾಗಿಯೇ ನನ್ನನ್ನು ಒಂದೆರಡು ನಿಮಿಷ ಎವೆಯಿಕ್ಕದೆ ಛಾವಣಿ ನೋಡಿಸಿದರು.

ಅನಂತರ ಅಳತೆ. ಪಾಪೆಯಲ್ಲಿ ಹೊಳೆಯುವ ಟಾರ್ಚಿನ ಬಿಂದುವಿನಿಂದ ಮೇಲ್ರೆಪ್ಪೆಯ ಅಂಚಿಗೆ ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್ ಇರುತ್ತದೆ; ನನ್ನ ಬಲಗಣ್ಣಿಗೆ 4, ಎಡಗಣ್ಣಿಗೆ 2 ಇತ್ತು. ವೈದ್ಯರು ಎಡರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ಹಿಡಿದು ಕನ್ನಡಿ ಕೊಟ್ಟಾಗ ನಾನು ಬೆಚ್ಚಿದೆ: ಅಷ್ಟು ದಿನ ಸರಿಯಿದ್ದ ಬಲರೆಪ್ಪೆ ಕೆಳಗಿಳಿದಿತ್ತು! ಮಿದುಳು ಎರಡೂ ರೆಪ್ಪೆಗಳಿಗೆ ಸಮಾನ ಆಜ್ಞೆ ಕಳುಹಿಸುತ್ತದೆ. ಎಡವನ್ನು ಎತ್ತಲು ಹಾಕುತ್ತಿದ್ದ ಹೆಚ್ಚಿನ ಬಲವೇ ಬಲಗಣ್ಣನ್ನೂ ಅರಳಿಸಿ ಇಟ್ಟಿತ್ತು. ಇದಕ್ಕೆ ಹೆರಿಂಗ್ ನಿಯಮವೆನ್ನುತ್ತಾರೆ. ಒಂದೇ ಕಣ್ಣು ಸರಿಪಡಿಸಿಕೊಂಡು ಮನೆಗೆ ಬಂದಮೇಲೆ ಇನ್ನೊಂದು ಜೋತಿತೆಂದು ಗಾಬರಿಯಾಗುವವರ ಕಥೆಯ ಹಿಂದಿರುವುದು ಇದೇ.

ಹೆಚ್ಚುವರಿ ಚರ್ಮ ಮಾತ್ರ ಮಡಿಕೆಬಿದ್ದಿದ್ದರೆ ಅದನ್ನು ಕತ್ತರಿಸುವ ಬ್ಲೆಫರೋಪ್ಲಾಸ್ಟಿ ಸಾಕು, ಆದರೆ ಅದರಿಂದ ರೆಪ್ಪೆಯ ಅಂಚು ಮೇಲೇರುವುದಿಲ್ಲ. ಅಂಚೇ ಇಳಿದಿದ್ದು ಎತ್ತುವ ಸ್ನಾಯು ಗಟ್ಟಿಯಿದ್ದರೆ, ಅದನ್ನು ರೆಪ್ಪೆಗೆ ಜೋಡಿಸುವ, ಸಡಿಲಗೊಂಡ ಪಟ್ಟಿಯನ್ನು ಬಿಗಿಗೊಳಿಸಿ ಹೊಲಿಯುತ್ತಾರೆ; ಪರೀಕ್ಷೆಗಾಗಿ ಫಿನೈಲೆಫ್ರಿನ್ ಎಂಬ ಕಣ್ಣಿನ ಹನಿ ಹಾಕಿದಾಗ ರೆಪ್ಪೆ ಚೆನ್ನಾಗಿ ಏರುವವರಿಗೆ ಹೊರಗೆ ಗಾಯ ಕಾಣದಂತೆ ಒಳಭಾಗದಿಂದಲೂ ಮಾಡಬಹುದು. ಸ್ನಾಯುವೇ ನಿಶ್ಶಕ್ತವಾಗಿದ್ದರೆ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ದಾರದಂಥದ್ದರಿಂದ ಕಟ್ಟಬೇಕಾಗುತ್ತದೆ. ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಪಡೆದ, ರೆಪ್ಪೆಯನ್ನು ತುಸು ಎತ್ತುವ ಆಕ್ಸಿಮೆಟಾಜೋಲಿನ್ ಎಂಬ ಕಣ್ಣಿನ ಹನಿಯೂ ಇದೆ. ಅದರ ಫಲ ಕೆಲವು ಗಂಟೆಗಳದ್ದು, ಆಟದ ಬಣ್ಣದಂತೆ. ಮೂಗಿಗೆ ಹಾಕುವ ಅದೇ ಹೆಸರಿನ ಹನಿಯನ್ನು ಯಾರೂ ಕಣ್ಣಿಗೆ ಸುರಿದುಕೊಳ್ಳಬಾರದು. ಕಣ್ಣಿನ ಸುತ್ತ ಚರ್ಮದಡಿಗೆ ಚುಚ್ಚಿ ತುಂಬಿಸುವ ಫಿಲ್ಲರ್ ಮಾತ್ರ ನನಗೆ ಬೇಡ. ಅದು ರಕ್ತನಾಳಕ್ಕೆ ಸೇರಿದರೆ ದೃಷ್ಟಿಯೇ ಹೋಗುವುದುಂಟು.

ನನ್ನ ಸ್ನಾಯು ಗಟ್ಟಿಯಿದೆ, ಸಡಿಲವಾದದ್ದು ಪಟ್ಟಿ. ರೆಪ್ಪೆಯನ್ನು ವರ್ಷಾನುಗಟ್ಟಲೆ ಉಜ್ಜುವುದೂ ಇದಕ್ಕೆ ಒಂದು ಕಾರಣವಾಗಬಹುದೆಂದು ವೈದ್ಯರು ಹೇಳಿದಾಗ, ಆಟ ಮುಗಿದ ಬೆಳಗ್ಗೆಗಳಲ್ಲಿ ತೆಂಗಿನೆಣ್ಣೆ ಹಚ್ಚಿ ಬಣ್ಣವನ್ನು ತಿಕ್ಕಿ ತೆಗೆದದ್ದೆಲ್ಲ ನೆನಪಾಯಿತು. ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸಿ, ನಡುನಡುವೆ ಕಣ್ಣು ತೆರೆಯಿಸಿ ಎರಡೂ ಕಡೆ ಹೋಲಿಸುತ್ತಾ ಹೊಲಿಯುತ್ತಾರಂತೆ. ಕಣ್ಣು ಒಣಗುವ, ಪೂರ್ತಿ ಮುಚ್ಚದಿರುವ, ಮತ್ತೊಮ್ಮೆ ಹೊಲಿಯಬೇಕಾಗುವ ಸಾಧ್ಯತೆಗಳನ್ನೂ ಮುಚ್ಚಿಡದೆ ಹೇಳಿದ್ದಾರೆ. ಬಾವು ಪೂರ್ತಿ ಇಳಿದು ನಿಜವಾದ ರೂಪ ತಿಳಿಯಲು ಎರಡು ಮೂರು ತಿಂಗಳು ಬೇಕಾದೀತು. ಪತ್ತನಾಜೆ ಕಳೆದಿದೆ, ದೀಪಾವಳಿಯವರೆಗೆ ನಮ್ಮ ತಂಡದ ಆಟಗಳಿಲ್ಲ. ಆಟಿ ತಿಂಗಳಿಗೆ (ಜುಲೈ–ಆಗಸ್ಟ್) ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಿಸಿ ಬಂದಿದ್ದೇನೆ.